ಗುಂಡಿ ಒತ್ತಿದರೆ ಫ್ಯಾನ್ ಮಿಸುಕಿ ನಿಲ್ಲುತ್ತಿತ್ತು

ಕಾರವಾರದ ಕೋಡಿಬಾಗದ ನಮ್ಮ ಮನೆಯ ಹಳೆಯ ಕಂಪ್ಯೂಟರ್ ಮಳೆಗಾಲ ಹಿಡಿದ ಮೇಲೆ ಒಂದು ಚಾಳಿ ಕಲಿಯಿತು. ಗುಂಡಿ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಏಳೆಂಟು ಸಲ ಒತ್ತಿದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು.

ರ್‍ಯಾಮ್ ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ. ಮದರ್‌ಬೋರ್ಡಿನ ಸೆಲ್ ಬದಲಿಸಿದೆ. ಉಪ್ಪುಗಾಳಿಗೆ ಹಸಿರುಗಟ್ಟಿದ್ದ ಕನೆಕ್ಟರ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದೆ. ಯಾವುದೂ ಫಲಿಸಲಿಲ್ಲ. ಮದರ್‌ಬೋರ್ಡ್ ಸತ್ತಿದೆ ಎಂದರು ಅಂಗಡಿಯವರು. ಸತ್ತದ್ದು ಎಂಟನೆಯ ಸಲಕ್ಕೆ ಹೇಗೆ ಏಳುತ್ತದೆ?

ಪ್ಲಗ್ ಹಾಕಿ, ಕಂಪ್ಯೂಟರ್ ಆನ್ ಮಾಡದೆ, ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರಿನ ನೇರಳೆ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಕಂಪ್ಯೂಟರ್ ಆಫ್ ಇದ್ದಾಗಲೂ ನೇರಳೆ ತಂತಿಯಲ್ಲಿ ವಿದ್ಯುತ್ ಇರುತ್ತದೆ, ಗುಂಡಿ ಕೆಲಸ ಮಾಡುವುದು ಅದರಿಂದಲೇ. ಇರಬೇಕಾದದ್ದು 5 ವೋಲ್ಟ್, ಕನಿಷ್ಠ 4.75. ಸಿಕ್ಕಿದ್ದು 4.3, ಗುಂಡಿ ಒತ್ತಿದ ಕ್ಷಣ ಅದೂ ಕುಸಿಯುತ್ತಿತ್ತು.

ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ) ಬಿಚ್ಚಿದೆ. ವಿದ್ಯುತ್ ಹಿಡಿದಿಡುವ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅಳೆದು, ಸೊನ್ನೆಯ ಹತ್ತಿರ ಬಂದ ಮೇಲೆಯೇ ಕೈ ಹಾಕಿ. ನೇರಳೆ ತಂತಿಯ ಬುಡದಲ್ಲಿದ್ದ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರಿನ ತಲೆ ಇಡ್ಲಿಯಂತೆ ಉಬ್ಬಿತ್ತು. ಅಷ್ಟೇ ಮೈಕ್ರೋಫ್ಯಾರಡಿನ, 16 ವೋಲ್ಟ್, 105 ಡಿಗ್ರಿ ಶಾಖ ತಾಳುವ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರ್ ಬೆಸೆದೆ. ಪಟ್ಟೆ ಇರುವ ಕಾಲು ಋಣ ಬದಿಗೆ. ತಿರುಗಿಸಿ ಹಾಕಿದರೆ ಸಿಡಿಯಬಹುದು. ಪುಟ್ಟ ಟ್ರಾನ್ಸ್‌ಫಾರ್ಮರಿನ ಪಕ್ಕದ 22 ಮೈಕ್ರೋಫ್ಯಾರಡ್, 50 ವೋಲ್ಟಿನದು ನೋಡಲು ನೆಟ್ಟಗಿತ್ತು. ಅದನ್ನೂ ಬದಲಿಸಿದೆ, ಏಕೆಂದರೆ ಇಂಥ ಸಣ್ಣವು ಉಬ್ಬದೆಯೇ ಒಳಗೊಳಗೆ ಒಣಗುತ್ತವೆ.

ಮುಚ್ಚಳ ಹಾಕಿದ ಮೇಲೆ, ಮದರ್‌ಬೋರ್ಡಿಗೆ ಜೋಡಿಸುವ ಮೊದಲು ನೇರಳೆ ತಂತಿಯಲ್ಲಿ 5.08. ನಂತರ ಹಳೆಯ ಹಾರ್ಡ್‌ಡಿಸ್ಕ್ ಒಂದನ್ನು ಹೊರೆಯಾಗಿ ಕೊಟ್ಟು, ಮದರ್‌ಬೋರ್ಡ್ ಇಲ್ಲದೆಯೇ ಎಸ್‌ಎಂಪಿಎಸ್ ಚಾಲೂ ಆಗಲೆಂದು ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದೆ: ಹಳದಿಯಲ್ಲಿ 12.1, ಕೆಂಪಿನಲ್ಲಿ 5.05, ಎರಡೂ ಸರಿ. ಈಗ ಮೊದಲ ಒತ್ತಿಗೇ ಏಳುತ್ತದೆ.