ನಡುಗುವ ಬೋಗೆ ಮೆಟ್ಟಿಲ ಮದ್ದು: ನನ್ನ ಅನುಭವ

ಗಾಯಕರಿಗೆ ಪಕ್ಕವಾದ್ಯಕ್ಕೆ ಕೂರುವ ಪಿಟೀಲಿನವರಿಗೆ ಬೋ, ಅಂದರೆ ಪಿಟೀಲಿನ ಕಮಾನು, ನಡುಗುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಛೇರಿ ಶುರುವಿನ ವರ್ಣದಲ್ಲಿ ಅದು ಗೊತ್ತಾಗಲ್ಲ. ಗಾಯಕರ ಜೊತೆ ಓಡುತ್ತಿರುತ್ತೇವೆ, ಸದ್ದೂ ಜೋರು. ಅವರು ತಾಳವಿಲ್ಲದೆ ರಾಗ ಬಿಡಿಸುವ ಆಲಾಪನೆ ಮುಗಿಸಿ ನಮ್ಮ ಕಡೆ ಕೈ ತೋರಿಸುತ್ತಾರಲ್ಲ, ಆಗ ಶುರು. ಮೊದಲ ಕಾರ್ವೆ (ಒಂದೇ ಸ್ವರದ ಮೇಲೆ ಉದ್ದಕ್ಕೆ ನಿಲ್ಲುವುದು), ಉದ್ದ ಬೋ, ಸಣ್ಣ ಸದ್ದು. ಬೋ ಅರ್ಧಕ್ಕೆ ಬರುತ್ತಿದ್ದಂತೆ ತಂತಿಯ ಮೇಲೆ ಕುಣಿಯುತ್ತದೆ. ಒಂದು ಷಡ್ಜ ಎಂಟು ತುಂಡಾಗುತ್ತದೆ. ಮೈಕು ಒಂದು ತುಂಡನ್ನೂ ಬಿಡಲ್ಲ.

ನನಗಿದು ಸುಮಾರು 11 ವರ್ಷ ಕಾಡಿತು. ಮನೆಯಲ್ಲಿ ನುಡಿಸಿದರೆ ಬೆಣ್ಣೆ, ವೇದಿಕೆಯಲ್ಲಿ ಗರಗಸ. ಒಂದು ರಾಮನವಮಿ ಕಛೇರಿಯಲ್ಲಿ ಕಾಂಬೋಧಿ ರಾಗದ ಆಲಾಪನೆ. ನನ್ನ ಸರದಿಯನ್ನು ಒಂದೂವರೆ ನಿಮಿಷಕ್ಕೇ ಮುಗಿಸಿಬಿಟ್ಟೆ. ನೀರಿನ ಲೋಟ ಬಾಯಿಗಿಟ್ಟಿದ್ದ ಗಾಯಕರು ಅರ್ಧಕ್ಕೇ ಇಳಿಸಿ ನನ್ನ ಮುಖ ನೋಡಿದರು. ಸಂಭಾವನೆ 2,500 ಏನೋ ಇರಬೇಕು, ಕವರ್ ಇಸಿದುಕೊಳ್ಳಲು ಕೈ ಬರಲಿಲ್ಲ. ಆಮೇಲೆ ಅವರು ಮೂರು ವರ್ಷ ಕರೆಯಲಿಲ್ಲ. ವರ್ಷಕ್ಕೆ ಐದಾರು ಕಛೇರಿ ಅವರದೇ ಸಿಗುತ್ತಿತ್ತು. ನಷ್ಟ ನೀವೇ ಲೆಕ್ಕ ಹಾಕಿ.

ಇನ್ನು ಕೈಯಿಂದ ಕಳೆದದ್ದು. ಮೊದಲು ಬೋದೇ ತಪ್ಪು ಅಂದುಕೊಂಡೆ. 22,000 ಕೊಟ್ಟು ಕಾರ್ಬನ್ ಫೈಬರ್ ಬೋ ತಂದೆ. ಒಳ್ಳೆಯ ಬೋ, ಸುಳ್ಳು ಹೇಳಲ್ಲ. ನನ್ನ ನಡುಕ ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು, ಅಷ್ಟೇ. ಆಮೇಲೆ ಒಂದು ಹೋಟೆಲಿನ ಹಾಲ್‌ನಲ್ಲಿ ಎರಡು ದಿನದ ಆತ್ಮವಿಶ್ವಾಸದ ಶಿಬಿರ, ಊಟ ಸೇರಿ 9,000. ಕಣ್ಣು ಮುಚ್ಚಿ ಚಪ್ಪಾಳೆ ಕೇಳಿಸಿಕೊಳ್ಳಿ ಅಂದರು. ಕೇಳಿಸಿಕೊಂಡೆ. ಮುಂದಿನ ವಾರದ ಕಛೇರಿಯಲ್ಲಿ ಕಣ್ಣು ಬಿಟ್ಟೇ ನಡುಗಿದೆ. ಊಟ ಮಾತ್ರ ಚೆನ್ನಾಗಿತ್ತು.

ಮಾತ್ರೆಯನ್ನೂ ನೋಡಿದೆ. ಎದೆಬಡಿತ, ಕೈ ನಡುಕ ತಗ್ಗಿಸುವ ಪ್ರೊಪ್ರನೊಲಾಲ್ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಲ್ಲ. ಡಾಕ್ಟರನ್ನು ಕೇಳದೆ ಗೆಳೆಯನ ಡಬ್ಬಿಯಿಂದ ಒಂದು ನುಂಗಿದೆ, ಬುದ್ಧಿಗೇಡಿತನ. ಕೈ ನಿಂತಿತು, ನಿಜ. ಆದರೆ ಅಲ್ಲೇ ಹೊಸದಾಗಿ ಸ್ವರ ಕಟ್ಟಬೇಕಾದ ಕಲ್ಪನಾಸ್ವರಕ್ಕೆ ಬಂದಾಗ ಒಳಗೆ ಯಾರೋ ದೀಪ ಸಣ್ಣ ಮಾಡಿದ ಹಾಗಿತ್ತು. ಗಾಯಕರು ಕೊಟ್ಟದ್ದನ್ನು ಹಾಗೇ ವಾಪಸು ಕೊಟ್ಟೆ, ನನ್ನದು ಅಂತ ಒಂದು ಪಟ್ಟು ಹುಟ್ಟಲಿಲ್ಲ. ಆಮೇಲೆ ಡಾಕ್ಟರು ಬೈದರು. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತು. ಅಸ್ತಮಾದವರು ಅದನ್ನು ಮುಟ್ಟಬಾರದಂತೆ. ನೀವೂ ಕೇಳದೆ ನುಂಗಬೇಡಿ.

ದಾರಿ ಸಿಕ್ಕಿದ್ದು ಆಕಸ್ಮಿಕ. ಒಂದು ಸಂಜೆ ಲಿಫ್ಟ್ ಕೆಟ್ಟಿತ್ತು. ಶಿಷ್ಯ ಕಾಯುತ್ತಿದ್ದಾನೆ ಅಂತ ಮೂರು ಮಹಡಿ ಓಡಿ ಹತ್ತಿದೆ, ಏದುಸಿರಿನಲ್ಲೇ ಪಿಟೀಲು ತೆಗೆದು ಷಡ್ಜ ಹಿಡಿದೆ. ಬೋ ಕುಣಿಯಿತು. ವೇದಿಕೆಯ ಮೇಲಿನ ಅದೇ ಕುಣಿತ, ನನ್ನ ಮನೆಯ ಚಾಪೆಯ ಮೇಲೆ! ಎದುರಿಗೆ ಇದ್ದದ್ದು ಹನ್ನೆರಡು ವರ್ಷದ ಹುಡುಗ. ಅವನನ್ನು ಕಂಡು ಹೆದರುತ್ತೇನಾ? ಹಾಗಾದರೆ ಎದೆ ಹೊಡೆದುಕೊಳ್ಳುವಾಗ ನುಡಿಸುವುದೇ ನನಗೆ ಗೊತ್ತಿಲ್ಲ ಅಂತಾಯಿತು. ಸಾಧನೆ ಪೂರ್ತಿ ಮಾಡಿದ್ದು ಬೆಳಗಿನ ಜಾವ, ತಣ್ಣಗೆ ಕೂತು.

ಮಾರನೇ ದಿನದಿಂದ ಶುರು. ನಮ್ಮ ಕಟ್ಟಡಕ್ಕೆ 54 ಮೆಟ್ಟಿಲು. ಎರಡು ಸಲ ಹತ್ತಿ ಇಳಿದು, ಮೂರನೇ ಸಲ ಹತ್ತಿ ನೇರ ಚಾಪೆಗೆ. ಶ್ರುತಿ ಮೊದಲೇ ಮಾಡಿಟ್ಟಿರಬೇಕು. ಕೈಗಡಿಯಾರದಲ್ಲಿ ಎದೆಬಡಿತ 130ರ ಆಸುಪಾಸು. ಹತ್ತು ಸೆಕೆಂಡಿನೊಳಗೆ ಉದ್ದ ಬೋ, ಬರೀ ಕಾರ್ವೆ. ನಾಲ್ಕೈದು ನಿಮಿಷಕ್ಕೆ ಬಡಿತ ಇಳಿಯುತ್ತದೆ, ಮತ್ತೆ ಮೆಟ್ಟಿಲು ಹತ್ತೋದು.

ಮೂರನೇ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಬಲಗೈ ಹೆಬ್ಬೆರಳು ಹಿಮ್ಮುಖ ಬಾಗಿ ಕಲ್ಲಾಗುತ್ತಿತ್ತು. ನಾನಿಷ್ಟು ವರ್ಷ ಭುಜವನ್ನೇ ಬೈಯುತ್ತಿದ್ದೆ. ಹೆಬ್ಬೆರಳು ಒಂಚೂರು ಮಡಿಸಿದರೆ ಮಣಿಕಟ್ಟು ಸಡಿಲ, ಬೋ ತನ್ನ ತೂಕದಲ್ಲೇ ಕೂರುತ್ತದೆ. ಇದನ್ನು ಗುರುಗಳು ಮೊದಲ ವರ್ಷವೇ ಹೇಳಿದ್ದರು. ಹೇಳಿದ್ದು ಬೇರೆ, ಏದುಸಿರಿನಲ್ಲಿ ಮಾಡೋದು ಬೇರೆ ಅಲ್ವಾ?

ಮೃದಂಗದ ಗೆಳೆಯರೊಬ್ಬರು ಇದಕ್ಕೆ ‘ಮೆಟ್ಟಿಲ ಕಲ್ಯಾಣಿ’ ಅಂತ ಹೆಸರಿಟ್ಟು ನಕ್ಕರು. ಗುರುಗಳು ನಗಲಿಲ್ಲ. “ಸಾಧನೆ ಸಾಲದು ಕಣೋ, ಸರ್ಕಸ್ ಬೇಡ” ಅಂದರು. ಕೆಳಗಿನ ಮನೆಯವರು ಕಳ್ಳ ಓಡಿದ ಅಂತ ಒಮ್ಮೆ ಬಾಗಿಲು ತೆಗೆದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹೆದರಿಕೆಗೆ ಬೆರಳು ತಣ್ಣಗಾಗುತ್ತದೆ ಅಂತ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂತೆ. ಬೆರಳು ಬೆಚ್ಚಗಾಯಿತು, ಬೆವರೂ ಬಂತು, ಸ್ವರ ತೂಗಿಸುವ ಗಮಕದಲ್ಲಿ ಬೆರಳು ಜಾರಿತು. ಬಾಳೆಹಣ್ಣು ತಿಂದು ಹೋದೆ, ಆಲಾಪನೆ ನಡುವೆ ತೇಗು. ಕಛೇರಿ ದಿನ ಫಿಲ್ಟರ್ ಕಾಫಿ ಬಿಟ್ಟದ್ದು ನಿಜಕ್ಕೂ ಕೆಲಸಕ್ಕೆ ಬಂತು, ಆದರೆ ಮೊದಮೊದಲು ತಲೆನೋವು. ಶನಿವಾರ ಶನಿವಾರ ಭಜನೆ ಮನೆಯಲ್ಲಿ ಪುಕ್ಕಟೆ ನುಡಿಸಿದೆ, ಸುಮಾರು 30 ವಾರ. ಮೆಟ್ಟಿಲಿನಷ್ಟೇ ಪಾಲು ಅದಕ್ಕೂ ಇದೆ.

ಎಂಟು ತಿಂಗಳಾದ ಮೇಲೆ ಅದೇ ಗಾಯಕರಿಂದ ಫೋನ್. ಬೇರೆ ಪಿಟೀಲಿನವರಿಗೆ ಜ್ವರ ಬಂದಿತ್ತು, ಮುಚ್ಚಿಡೋದೇನು. ಕಾಂಬೋಧಿಯೇ ಬಂತು. ವೇದಿಕೆಯಲ್ಲಿ ಗಡಿಯಾರ 126 ತೋರಿಸುತ್ತಿತ್ತು, ಎದೆಗೇನೂ ಧೈರ್ಯ ಬಂದಿರಲಿಲ್ಲ. ಬೋ ಮಾತ್ರ ನಡುಗಲಿಲ್ಲ. ಆರು ನಿಮಿಷ ನುಡಿಸಿದೆ, ತಾರಷಡ್ಜದಲ್ಲಿ ಬೇಕಂತಲೇ ಜಾಸ್ತಿ ನಿಂತೆ. ಗಾಯಕರು ಲೋಟ ಪೂರ್ತಿ ಖಾಲಿ ಮಾಡಿದರು. ಈಗ ಕಛೇರಿಗೆ 6,000ಕ್ಕೆ ಕಡಿಮೆ ನಾನು ಒಪ್ಪಲ್ಲ.

ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ ನುಡಿಸಿ ಹೆಸರಾದ ಪಾಬ್ಲೊ ಕಸಾಲ್ಸ್‌ಗೂ ಜೀವನವಿಡೀ ವೇದಿಕೆ ಭಯ ಇತ್ತು. 1901ರಲ್ಲಿ ಅಮೆರಿಕದ ಬೆಟ್ಟವೊಂದರಲ್ಲಿ ಕಲ್ಲು ಉರುಳಿ ಎಡಗೈ ಬೆರಳು ಜಜ್ಜಿದಾಗ, ಸದ್ಯ ಇನ್ನು ಚೆಲ್ಲೋ ನುಡಿಸಬೇಕಿಲ್ಲ ಅಂತ ಮೊದಲು ಅನ್ನಿಸಿತಂತೆ. ಇದನ್ನು ಓದಿದ ದಿನ ನಾನು ಎರಡು ದೋಸೆ ಜಾಸ್ತಿ ತಿಂದೆ.

ವೇದಿಕೆ ಹತ್ತುವ ಮುಂಚಿನ ಎರಡು ನಿಮಿಷ ನಾನು ಕಿರುಬೆರಳಿಗೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಬರೆಯಲ್ಲ, ಶಿಷ್ಯರಿಗೂ ಹೇಳಿಲ್ಲ. ಮೆಟ್ಟಿಲು ಮಾತ್ರ ಊಟವಾದ ಮೇಲೆ ಹತ್ತಬೇಡಿ. ಮಂಡಿ ನೋವಿದ್ದರೆ ಮೆಟ್ಟಿಲೂ ಬೇಡ, ಸ್ಕಿಪ್ಪಿಂಗೂ ಬೇಡ, ನಿಂತಲ್ಲೇ ಕೈ ಬೀಸಿದರೂ ಎದೆಬಡಿತ ಏರುತ್ತದೆ.

ಗುರುಗಳು ಮುಂದಿನ ಸಾಲಿನಲ್ಲಿ ಕೂತರೆ ಈಗಲೂ ನಡುಗುತ್ತದೆ. ಕಳೆದ ನವರಾತ್ರಿಯಲ್ಲಿ ಕೂತಿದ್ದರು. ಮೊದಲ ಹತ್ತು ನಿಮಿಷ ಹೆಬ್ಬೆರಳು ಮತ್ತೆ ಕಲ್ಲು. ಅದಕ್ಕೆ 54 ಮೆಟ್ಟಿಲು ಸಾಲುತ್ತಿಲ್ಲ.