ಟೆಕ್ಸಾಸ್‌ನಲ್ಲಿ ಡ್ರಗ್ಸ್ ಕೇಸಲ್ಲಿ ಶಿಕ್ಷೆಯಾದರೆ ಅಪೀಲು ಹೇಗೆ?

ಕೊಲೊರಾಡೊದಲ್ಲಿ ಲೈಸೆನ್ಸ್ ಇರುವ ಅಂಗಡಿಯಿಂದ ಕೊಂಡ ಗಾಂಜಾ ಗಮ್ಮಿ (ಜೆಲ್ಲಿ ಮಿಠಾಯಿ) ಟೆಕ್ಸಾಸ್ ಗಡಿ ದಾಟಿದರೆ ಫೆಲನಿ, ಅಂದರೆ ಗಂಭೀರ ಅಪರಾಧದ, ಕೇಸಾಗಬಹುದು. ಗಾಂಜಾ ಸೊಪ್ಪಿಗಿಂತ ಅದರ ಮತ್ತೇರಿಸುವ ಅಂಶವಾದ ಟಿಎಚ್‌ಸಿಯ ಸಾರದ ಮೇಲೆ ಇಲ್ಲಿನ ಕಾನೂನು ಜಾಸ್ತಿ ಬಿಗಿ. ಡಾಲಸ್, ಆಸ್ಟಿನ್ ಕಡೆಯ ನಮ್ಮವರು ಇದನ್ನು ತಿಳಿದಿರಬೇಕು.

ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ತಪ್ಪಿತಸ್ಥ ಅಂದಿತು ಅನ್ನಿ. ಮೊದಲು ಕ್ಯಾಲೆಂಡರ್ ನೋಡಿ. ಶಿಕ್ಷೆ ವಿಧಿಸಿದ 30 ದಿನದೊಳಗೆ ಅಪೀಲಿನ ನೋಟಿಸ್ ಸಲ್ಲಿಸಬೇಕು. ಹೊಸ ವಿಚಾರಣೆ ಕೋರಿ ಅದೇ 30 ದಿನದಲ್ಲಿ ಅರ್ಜಿ ಹಾಕಿದ್ದರೆ 90 ದಿನ ಸಿಗುತ್ತದೆ. ತಪ್ಪಿದರೆ, ಕಾರಣ ತೋರಿಸಿ ಕೇಳಲು ಇನ್ನು 15 ದಿನ, ಅಷ್ಟೇ. ಊರಿನಲ್ಲಿ ವಿಳಂಬ ಮನ್ನಿಸಿ ಅಂತ ಹೈಕೋರ್ಟಿಗೆ ಅರ್ಜಿ ಹಾಕುತ್ತಾರಲ್ಲ, ಆ ಧೈರ್ಯ ಇಲ್ಲಿ ಬೇಡ.

ಅಪೀಲು ಅಂದರೆ ಎರಡನೇ ವಿಚಾರಣೆ ಅಲ್ಲ. ಹೊಸ ಸಾಕ್ಷಿ ಇಲ್ಲ, ಜ್ಯೂರಿಯೂ ಇಲ್ಲ. ನ್ಯಾಯಾಧೀಶರು ಕೆಳಗಿನ ಕೋರ್ಟಿನ ದಾಖಲೆ ಓದುತ್ತಾರೆ. ತಪ್ಪು ನಡೆದಾಗಲೇ ನಿಮ್ಮ ವಕೀಲರು 'ಅಬ್ಜೆಕ್ಷನ್' ಅಂದು ಕಾರಣ ಹೇಳಿರಬೇಕು. ಸುಮ್ನೆ ಕೂತಿದ್ದರೆ ಹೆಚ್ಚಿನ ತಪ್ಪುಗಳನ್ನು ಮೇಲಿನ ಕೋರ್ಟು ನೋಡುವುದೇ ಇಲ್ಲ. ಉದಾಹರಣೆಗೆ, ಕಾರನ್ನು ಪೊಲೀಸರು ಅಕ್ರಮವಾಗಿ ಶೋಧಿಸಿದರು ಎಂದು ನಿಮ್ಮ ವಕೀಲರು ವಿಚಾರಣೆಗೆ ಮುಂಚೆ ವಾದಿಸಿ ಸೋತಿರುತ್ತಾರೆ. ಆಮೇಲೆ ಆ ಶೋಧದಲ್ಲಿ ಸಿಕ್ಕ ಪೊಟ್ಟಣ ಜ್ಯೂರಿ ಮುಂದೆ ಬಂದಾಗ ವಕೀಲರು ಅಭ್ಯಾಸಬಲದಿಂದ 'ನೋ ಅಬ್ಜೆಕ್ಷನ್' ಅಂದರೆ ಆ ವಾದವೇ ಕೈತಪ್ಪಬಹುದು. ಕ್ರೂರ ನಿಯಮ ಅಲ್ವಾ?

ಸಾಕ್ಷ್ಯ ಸಾಲದು ಅನ್ನುವ ವಾದಕ್ಕೆ ಮಾತ್ರ ಈ ಅಡ್ಡಿಯಿಲ್ಲ. ನಾಲ್ವರು ಕೂತ ಕಾರಿನಲ್ಲಿ ಡ್ರಗ್ಸ್ ಸಿಕ್ಕಿತು ಅಂದಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ನೀವು ಅಲ್ಲಿದ್ದಿರಿ ಅನ್ನುವುದಷ್ಟೇ ಸಾಲದು. ಚೀಲ ಯಾರದ್ದು, ಎಷ್ಟು ಹತ್ತಿರವಿತ್ತು, ಓಡಲು ನೋಡಿದಿರಾ, ಇಂಥ ಕೊಂಡಿಗಳು ಬೇಕು. ಆದರೂ ಕೋರ್ಟು ಸಾಕ್ಷ್ಯವನ್ನು ಜ್ಯೂರಿಯ ತೀರ್ಮಾನಕ್ಕೆ ಅನುಕೂಲವಾಗುವಂತೆಯೇ ಓದುತ್ತದೆ. ಹಾಗಾಗಿ ಗೆಲುವು ಅಪರೂಪ. ಪ್ಲೀ ಬಾರ್ಗೇನ್ (ತಪ್ಪೊಪ್ಪಿಕೊಂಡು ಸರ್ಕಾರಿ ವಕೀಲರ ಜೊತೆ ಒಪ್ಪಂದ) ಮಾಡಿಕೊಂಡಿದ್ದರೆ ಅಪೀಲಿನ ದಾರಿ ಇನ್ನೂ ಕಿರಿದು.

ವೀಸಾದ ಪೆಟ್ಟು ಜೈಲಿಗಿಂತ ದೊಡ್ಡದಾಗಬಹುದು. ಸ್ವಂತಕ್ಕೆ ಇಟ್ಟುಕೊಂಡ 30 ಗ್ರಾಮಿನೊಳಗಿನ ಗಾಂಜಾದ ಒಂದೇ ಕೇಸು ಬಿಟ್ಟರೆ, ಡ್ರಗ್ಸ್ ಶಿಕ್ಷೆ ಗಡೀಪಾರಿಗೆ ದಾರಿ. ತಪ್ಪೊಪ್ಪಿಕೊಳ್ಳುವ ಮುಂಚೆ ಇದನ್ನು ವಕೀಲರು ಹೇಳಲೇಬೇಕು ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಡಿಲ್ಲಾ ಕೇಸಿನಲ್ಲಿ ತೀರ್ಪು ಕೊಟ್ಟಿತು. ಹೇಳಿಲ್ಲವೆಂದರೆ ಸಾಮಾನ್ಯವಾಗಿ ಅಪೀಲಲ್ಲ, ಹೇಬಿಯಸ್ ಅರ್ಜಿ (ಶಿಕ್ಷೆಯೇ ಕಾನೂನುಬಾಹಿರ ಎಂದು ಪ್ರಶ್ನಿಸುವ ಪ್ರತ್ಯೇಕ ಅರ್ಜಿ) ಹಾಕುತ್ತಾರೆ. ಅಪೀಲು ನಡೆಯುತ್ತಿದೆ ಅಂತ ಬೆಂಗಳೂರಿಗೆ ಟಿಕೆಟ್ ತೆಗೆಯಬೇಡಿ. ಗ್ರೀನ್ ಕಾರ್ಡ್ ಇದ್ದರೂ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.