ಒಂಬತ್ತನೇ ಕ್ಲಾಸಿನವರನ್ನು ಐದು ದಿನ ಕೆಲಸದ ಜಾಗಕ್ಕೆ ಕಳಿಸುವುದು ಹೇಗೆ?

ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳನ್ನು ಹತ್ತನೇ ಕ್ಲಾಸ್ ಆದಮೇಲೆ ಏನು ಅಂತ ಕೇಳಿ ನೋಡಿ. ಪ್ಲಸ್ ಟು ಅಂತಾರೆ. ಅದರಾಚೆ? ಸುಮ್ನೆ ನಿಲ್ತಾರೆ. ಪೇಟೆಯಲ್ಲಿ ಯಾರು ಏನು ಕೆಲಸ ಮಾಡ್ತಾರೆ ಅಂತ ಒಳಗೆ ಹೋಗಿ ನೋಡಿದ್ದರೆ ತಾನೆ ಹೇಳುವುದು! ಅದನ್ನು ತೋರಿಸಲು ದೊಡ್ಡ ಯೋಜನೆ ಏನೂ ಬೇಡ, ಒಬ್ಬರು ಟೀಚರ್, ಪಿಟಿಎಯ ಮೂರ್ನಾಲ್ಕು ಜನ, ಐದು ದಿನ ಸಾಕು.

ಜಪಾನಿನ ಹ್ಯೋಗೊ ಪ್ರಾಂತದಲ್ಲಿ 1998ರಿಂದ ಇದೇ ನಡೆಯುತ್ತಿದೆ. ನಮ್ಮ ಎಂಟನೇ ಕ್ಲಾಸಿನ ಪ್ರಾಯದ ಮಕ್ಕಳು ಐದು ದಿನ ಅಂಗಡಿ, ತೋಟ, ಆಸ್ಪತ್ರೆ ಅಂತ ಊರಿನ ಜಾಗಗಳಿಗೆ ಹೋಗಿ ಕೆಲಸ ಕಲಿಯುತ್ತಾರೆ. ನಮ್ಮಲ್ಲಿ ಒಂಬತ್ತನೇ ಕ್ಲಾಸ್ ಸರಿ, ಹತ್ತರಲ್ಲಿ ಪರೀಕ್ಷೆಯ ತಲೆಬಿಸಿ ಜಾಸ್ತಿ. ಕ್ರಿಸ್ಮಸ್ ಪರೀಕ್ಷೆ ಮುಗಿದು ಶಾಲೆ ಶುರುವಾದ ಮೇಲೆ ಇಟ್ಟುಕೊಳ್ಳಿ. ಮಳೆ ಇರುವುದಿಲ್ಲ, ಅಡಿಕೆಯ ಕೆಲಸವೂ ಜೋರಾಗಿರುತ್ತದೆ.

ಜಾಗವನ್ನು ನೀವು ಹುಡುಕಿ ಕೊಡಬೇಡಿ. ಮೊದಲ ವರ್ಷ ನಾನು ಆ ತಪ್ಪು ಮಾಡಿದೆ, ಎಲ್ಲಾ ಅಂಗಡಿಗೂ ನಾನೇ ಫೋನ್ ಮಾಡಿದೆ. ಟೀಚರ್ ಕಳಿಸಿದ ಮಕ್ಕಳು ಅಂತ ಕುರ್ಚಿ ಹಾಕಿ ಕೂರಿಸಿ, ಲಿಂಬೆ ಶರಬತ್ತು ಕೊಟ್ಟು, ಸಂಜೆ ವಾಪಸ್ ಕಳಿಸಿದರು! ಫಿನ್ಲೆಂಡಿನಲ್ಲಿ ಎಂಟು, ಒಂಬತ್ತನೇ ಕ್ಲಾಸಿನವರು ಇಂಥ ಜಾಗವನ್ನು ಹೆಚ್ಚಾಗಿ ತಾವೇ ಕೇಳಿಕೊಂಡು ಹೋಗುತ್ತಾರೆ. ನಮ್ಮ ಮಕ್ಕಳಿಗೆ ಇದು ಇನ್ನೂ ಮುಖ್ಯ. ಮಲಯಾಳ ಕೇಳಿದರೆ ಅರ್ಥ ಆಗುತ್ತದೆ, ಆದರೆ ಗುರುತಿಲ್ಲದವರ ಎದುರು ನಾಲಗೆ ತಿರುಗುವುದಿಲ್ಲ. ಅದಕ್ಕೆ ಕ್ಲಾಸಿನಲ್ಲೇ ಒಬ್ಬರನ್ನು ಅಂಗಡಿ ಧಣಿ ಮಾಡಿ, ಇನ್ನೊಬ್ಬರಿಂದ ಮಲಯಾಳದಲ್ಲಿ ಫೋನ್ ಮಾಡಿಸಿ. ಹೆಸರು, ಶಾಲೆ, ಯಾವ ದಿನ ಬರುತ್ತೇನೆ, ಏನು ನೋಡಬೇಕು, ಇಷ್ಟೇ. ಎರಡು ಸಲ ಹೇಳಿದ ಮೇಲೆ ಧೈರ್ಯ ಬರುತ್ತದೆ.

ಹೆತ್ತವರ ಒಪ್ಪಿಗೆ ಬರಹದಲ್ಲೇ ಇರಲಿ. ಅಡಿಕೆ ಸುಲಿಯುವ ಮೆಷಿನ್, ಮರ ಹತ್ತುವುದು, ಕರೆಂಟಿನ ಕೆಲಸ, ಇವುಗಳಿಗೆ ಕೈ ಹಾಕಿಸಲೇಬಾರದು ಅಂತ ಧಣಿಗಳಿಗೆ ಮೊದಲೇ ಹೇಳಿ. ಮಕ್ಕಳು ಹೋಗುವುದು ಕಲಿಯಲು, ಕೂಲಿ ಆಳಿನ ಬದಲಿಗೆ ಅಲ್ಲ. ದಿನಾ ಒಮ್ಮೆ ಟೀಚರ್ ಹೋಗಿ ನೋಡಿ ಬರಬೇಕು.

ಇನ್ನು ಮಕ್ಕಳು ದಿನಾ ಮಾಡಿದ್ದನ್ನು ಬರೆದಿಡುವ ಪುಸ್ತಕ. ಜರ್ಮನಿಯಲ್ಲಿ ಕೆಲಸ ಕಲಿಯುವವರು ವಾರಕ್ಕೆ ಮೂರು ನಾಲ್ಕು ದಿನ ಕಂಪನಿಯಲ್ಲಿ, ಉಳಿದ ದಿನ ಶಾಲೆಯಲ್ಲಿ ಇರುತ್ತಾರೆ. ಕಂಪನಿಯೇ ಸಂಬಳ ಕೊಡುತ್ತದೆ. ಅಷ್ಟು ದೊಡ್ಡ ಏರ್ಪಾಡು ನಮ್ಮ ಬದಿಯಡ್ಕ, ಕುಂಬಳೆ ಪೇಟೆಯಲ್ಲಿ ಸದ್ಯಕ್ಕೆ ಆಗದು. ಆದರೆ ಅಲ್ಲಿ ಪ್ರತಿಯೊಬ್ಬರೂ ಮಾಡಿದ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಕಲಿಸುವವರು ಸಹಿ ಹಾಕಬೇಕು, ಅದಿಲ್ಲದಿದ್ದರೆ ಕೊನೆಯ ಪರೀಕ್ಷೆಗೇ ಸೇರಿಸುವುದಿಲ್ಲ. ಇದಕ್ಕೆ ನಮಗೆ ಬೇಕಾದದ್ದು ನೂರು ಪೇಜಿನ ಒಂದು ನೋಟ್‌ಬುಕ್, ಅಲ್ವಾ?

ಅಡಿಕೆ ಅಂಗಡಿಗೆ ಹೋದ ಒಬ್ಬಳು ಮೊದಲ ದಿನ ಬರೆದದ್ದು ಒಂದೇ ಸಾಲು: "ಅಡಿಕೆ ಹೆಕ್ಕಿದೆ." ನಾನು ಕೆಳಗೆ "ಹೇಗೆ?" ಅಂತ ಬರೆದು ಕೊಟ್ಟೆ. ಮೂರನೇ ದಿನ ಒಂದಿಡೀ ಪುಟ ತುಂಬಿತ್ತು. ಅಡಿಕೆಯ ದರ್ಜೆಗಳಲ್ಲಿ ಪಟೋರ ಯಾವುದು, ಕರಿಗೋಟು ಯಾವುದು, ಕೈಗೆ ಸಿಕ್ಕಿದ ಕೂಡಲೇ ಹೇಗೆ ಗೊತ್ತಾಗುತ್ತದೆ, ಎರಡಕ್ಕೂ ಕಿಲೋಗೆ ಎಷ್ಟು ವ್ಯತ್ಯಾಸ, ಒಂದು ಗೋಣಿಯಲ್ಲಿ ಬೆರಕೆಯಾದರೆ ಬೆಳೆದವನಿಗೆ ಎಷ್ಟು ನಷ್ಟ. ಲೆಕ್ಕ ಸಮೇತ! ಗಣಿತದಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ "ಹೇಗೆ" ಬರೆಯುವುದನ್ನು ಮಾತ್ರ ತಪ್ಪಿಸಬೇಡಿ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಆರನೇ ದಿನ ಎಲ್ಲರೂ ಕ್ಲಾಸಿನಲ್ಲಿ ಐದೈದು ನಿಮಿಷ ಮಾತಾಡಲಿ. ಧಣಿಗಳನ್ನೂ ಕರೆಯಿರಿ, ಬರುತ್ತಾರೆ. ಯಾರು ಚೆನ್ನಾಗಿ ಕಲಿಸಿದರು, ಯಾರು ಬರೇ ಕೂರಿಸಿದರು ಅಂತ ಒಂದು ಪಟ್ಟಿ ಮಾಡಿ ಸ್ಟಾಫ್ ರೂಮಿನಲ್ಲಿಡಿ. ನಿಮಗೆ ವರ್ಗ ಆದರೂ ಮುಂದಿನ ವರ್ಷ ಬರುವ ಟೀಚರಿಗೆ ಅದು ಬೇಕಾಗುತ್ತದೆ.